ಕ್ಲೀನ್ ಚಿಟ್ ಕೊಟ್ಟವರನ್ನು ಕೇಳುವವರು ಯಾರು?

ಚೀನಾದ ಹಣಕಾಸು ಅಧಿಕಾರಿಯೊಬ್ಬ ಬೀಜಿಂಗ್‌ನಲ್ಲಿದ್ದ ತನ್ನ ಒಂದು ಫ್ಲ್ಯಾಟಿಗೆ ‘ಸೂಪರ್ ಮಾರ್ಕೆಟ್’ ಎಂದು ಗುಪ್ತನಾಮ ಇಟ್ಟುಕೊಂಡಿದ್ದ. ಅಲ್ಲಿ ಅಕ್ಕಿ ಬೇಳೆ ಇರಲಿಲ್ಲ. ಇದ್ದುದು ತಿಜೋರಿಗಳು ಮತ್ತು ನೋಟಿನ ಕಟ್ಟುಗಳು. ತನಿಖಾಧಿಕಾರಿಗಳು ಎಣಿಸಿದಾಗ ಅದು 20 ಕೋಟಿ ಯುವಾನ್ ದಾಟಿತ್ತು. ಲಾಯ್ ಶಿಯಾವೊಮಿನ್ ಎಂಬ ಈ ಮನುಷ್ಯ ಸಾಮಾನ್ಯನಲ್ಲ. 1983ರಲ್ಲಿ ಚೀನಾದ ಕೇಂದ್ರ ಬ್ಯಾಂಕಿಗೆ ನೌಕರಿಗೆ ಸೇರಿ, ಬ್ಯಾಂಕುಗಳ ಮೇಲೆ ಕಣ್ಣಿಡುವ ನಿಯಂತ್ರಣ ಆಯೋಗದಲ್ಲಿ ದೊಡ್ಡ ಹುದ್ದೆಗಳನ್ನು ಅನುಭವಿಸಿ, ಕೊನೆಗೆ ಹುವಾರಾಂಗ್ ಎಂಬ ಸರ್ಕಾರಿ ಸಂಸ್ಥೆಯ ಅಧ್ಯಕ್ಷಗಿರಿಗೆ ಏರಿದವನು. ಬ್ಯಾಂಕುಗಳ ವಸೂಲಾಗದ ಸಾಲವನ್ನು ಖರೀದಿಸಿ ಶುದ್ಧಗೊಳಿಸಲೆಂದೇ 1999ರಲ್ಲಿ ಹುಟ್ಟಿದ ಸಂಸ್ಥೆ ಅದು. ಕೊಳೆ ತೊಳೆಯಬೇಕಾದ ಸಂಸ್ಥೆಯ ಯಜಮಾನನೇ ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ 178.8 ಕೋಟಿ ಯುವಾನ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 2,000 ಕೋಟಿ ರೂಪಾಯಿಯಷ್ಟು ಲಂಚವನ್ನು ಪಡೆದನೆಂದು ಟಿಯಾಂಜಿನ್‌ನ ನ್ಯಾಯಾಲಯ ತೀರ್ಪಿತ್ತಿತು. 2018ರ ಏಪ್ರಿಲ್‌ನಲ್ಲಿ ತನಿಖೆ ಆರಂಭವಾಯಿತು. 2021ರ ಜನವರಿ 5ರಂದು ಮರಣದಂಡನೆ ವಿಧಿಸಲಾಯಿತು. ಅದೇ ತಿಂಗಳ 29ರಂದು ಅದನ್ನು ಜಾರಿಗೊಳಿಸಿಯೂ ಆಯಿತು. ಕೂಡಿಟ್ಟ ಹಣದಲ್ಲಿ ಒಂದು ಕಾಸನ್ನೂ ಖರ್ಚು ಮಾಡಲು ತನಗೆ ಧೈರ್ಯವಾಗಲಿಲ್ಲ ಎಂದು ಆತ ಚೀನಾದ ಸರ್ಕಾರಿ ಟಿ.ವಿ.ಯ ಮುಂದೆ ಹೇಳಿಕೊಂಡಿದ್ದ.

ಈ ಸುದ್ದಿ ಓದಿದಾಗಲೆಲ್ಲ ನಮ್ಮ ಚಹಾದಂಗಡಿಗಳಲ್ಲಿ ಕೇಳಿಬರುವ ಮಾತು ಒಂದೇ: “ನಮ್ಮಲ್ಲೂ ಇಂಥ ಕಾನೂನು ಬರಬೇಕು.” ಚಿತ್ರದುರ್ಗ ಜಿಲ್ಲೆಯವರಿಗಂತೂ ಗುಪ್ತ ತಿಜೋರಿಯ ಕತೆ ಹೊಸದಲ್ಲ. 2016ರ ಡಿಸೆಂಬರಿನಲ್ಲಿ, ಜನಸಾಮಾನ್ಯರು ಎರಡು ಸಾವಿರದ ಒಂದು ನೋಟಿಗಾಗಿ ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಂತಿದ್ದಾಗ, ಆದಾಯ ತೆರಿಗೆ ಇಲಾಖೆ ಚಳ್ಳಕೆರೆಯಲ್ಲಿ ಸ್ನಾನಗೃಹದ ಗೋಡೆಯ ಹಿಂದಿನಿಂದ ಕೋಟಿಗಟ್ಟಲೆ ಹೊಸ ನೋಟುಗಳನ್ನೂ ಚಿನ್ನದ ಗಟ್ಟಿಗಳನ್ನೂ ಹೊರತೆಗೆದದ್ದನ್ನು ನಾವು ಕಂಡಿದ್ದೇವೆ. ಆದರೆ ಇಂದು ಚರ್ಚಿಸಬೇಕಾಗಿರುವುದು ತಿಜೋರಿಯ ಕುರಿತಲ್ಲ, ಕಾವಲಿನ ಕುರಿತು. ಜನರ ಹಣವನ್ನು ಕಾಯಲು ಕಾನೂನು ನಿಲ್ಲಿಸಿದ ಕಾವಲುಗಾರ ಆ ಕಡೆ ಮುಖ ತಿರುಗಿಸಿದನೆಂಬ ಆರೋಪ ಬಂದಾಗ ನಮ್ಮ ರಾಜ್ಯದಲ್ಲಿ ಏನಾಯಿತು? ಅದನ್ನು ತಿಳಿಯಲು ಚೀನಾಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನ ಶಿವಾಜಿನಗರಕ್ಕೆ ಹೋದರೆ ಸಾಕು.

ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ, 2006ರಲ್ಲಿ ಮುಹಮ್ಮದ್ ಮನ್ಸೂರ್ ಖಾನ್ ಎಂಬಾತ ಕಟ್ಟಿದ ಸಂಸ್ಥೆ. ‘ಹಲಾಲ್ ಹೂಡಿಕೆ’ ಎಂಬುದು ಅದರ ಘೋಷಣೆ. ಹಣ ಕೊಟ್ಟವರನ್ನು ಅದು ಠೇವಣಿದಾರರೆಂದು ಕರೆಯದೆ ‘ಪಾಲುದಾರ’ರೆಂದು ಕರೆಯುತ್ತಿತ್ತು. ಚಿನ್ನದ ಅಂಗಡಿ, ಔಷಧಿ ಅಂಗಡಿ, ದವಾಖಾನೆ, ಶಾಲೆ ಎಂದು ಅದರ ಹೆಸರು ಊರೆಲ್ಲ ಹರಡಿತು. ಶಿವಾಜಿನಗರದ ಸರ್ಕಾರಿ ಶಾಲೆಯೊಂದನ್ನು ಅದು ಸುಂದರವಾಗಿ ಕಟ್ಟಿಸಿಕೊಟ್ಟಾಗ ಮೆಚ್ಚದವರೇ ಇರಲಿಲ್ಲ. 2019ರ ಈದುಲ್ ಫಿತ್ರ್ ಮುಗಿದು ಒಂದು ವಾರವೂ ಆಗಿರಲಿಲ್ಲ, ಸಂಸ್ಥೆಯ ಬಾಗಿಲು ಮುಚ್ಚಿತು, ಯಜಮಾನ ದುಬೈಗೆ ಹಾರಿದ, ಆತನ ಧ್ವನಿಮುದ್ರಿಕೆಯೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ರಾಜಕಾರಣಿಗಳಿಗೂ ಅಧಿಕಾರಿಗಳಿಗೂ ಲಂಚ ಕೊಟ್ಟು ಕೊಟ್ಟು ತಾನು ಸೋತುಹೋದೆನೆಂದು ಅದರಲ್ಲಿ ಆತ ಹೇಳಿದ್ದ. ಲೇಡಿ ಕರ್ಜನ್ ರಸ್ತೆಯಲ್ಲಿ ಬುರ್ಖಾ ಧರಿಸಿದ ತಾಯಂದಿರು, ನಿವೃತ್ತ ನೌಕರರು, ಆಟೊ ಚಾಲಕರು ಕೈಯಲ್ಲಿ ಕಾಗದ ಹಿಡಿದು ಅಳುತ್ತಾ ನಿಂತರು. ದೂರು ಬರೆದುಕೊಳ್ಳಲು ಪೊಲೀಸರಿಗೆ ಠಾಣೆ ಸಾಲದೆ ಕಲ್ಯಾಣ ಮಂಟಪವೊಂದನ್ನು ಬಳಸಬೇಕಾಯಿತು. ಎಷ್ಟೋ ಹೆಣ್ಣುಮಕ್ಕಳ ಮದುವೆಗೆಂದು ಕೂಡಿಟ್ಟ ಹಣದ ಲೆಕ್ಕವನ್ನು ಮದುವೆ ಮಂಟಪದಲ್ಲೇ ಪೊಲೀಸರಿಗೆ ಒಪ್ಪಿಸಬೇಕಾಗಿ ಬಂದದ್ದಕ್ಕಿಂತ ದೊಡ್ಡ ವಿಪರ್ಯಾಸ ಬೇರೆ ಬೇಕೇ? ಮುಂದೆ ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರದ ಮುಂದೆ 65 ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ಹಣಕ್ಕಾಗಿ ಅರ್ಜಿ ಸಲ್ಲಿಸಿದರು.

ಮನ್ಸೂರ್ ಖಾನನ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. 2019ರ ಜುಲೈ 19ರಂದು ಆತ ದೆಹಲಿಗೆ ಮರಳಿ ಬಂಧನಕ್ಕೊಳಗಾದದ್ದೂ ಎಲ್ಲರಿಗೂ ಗೊತ್ತು. ಅದಕ್ಕಿಂತ ಹನ್ನೊಂದು ದಿನ ಮುಂಚೆ, ಜುಲೈ 8ರಂದು, ವಿಶೇಷ ತನಿಖಾ ತಂಡ ಇನ್ನೊಬ್ಬರನ್ನು ಬಂಧಿಸಿತ್ತು. ಅವರು ಬೆಂಗಳೂರು ನಗರ ಜಿಲ್ಲೆಯ ಜಿಲ್ಲಾಧಿಕಾರಿಯಾಗಿದ್ದ ಬಿ.ಎಂ. ವಿಜಯಶಂಕರ್. ಐಎಎಸ್ ಅಧಿಕಾರಿ. ರಾಜ್ಯದ ಅತ್ಯಂತ ಬೆಲೆಬಾಳುವ ಭೂಮಿಯ ಕಡತಗಳು ಯಾರ ಮೇಜಿನ ಮೇಲಿಂದ ಹಾದುಹೋಗುತ್ತವೆಯೋ ಆ ಕುರ್ಚಿಯಲ್ಲಿದ್ದವರು. ಐಎಂಎ ಪರವಾಗಿ ವರದಿ ಕೊಡಿಸಲು ಒಂದೂವರೆ ಕೋಟಿ ರೂಪಾಯಿ ಪಡೆದರೆಂಬುದು ಅವರ ಮೇಲಿನ ಆರೋಪ. ಅವರ ಕೈಕೆಳಗಿನ ಉಪವಿಭಾಗಾಧಿಕಾರಿ ಮತ್ತು ಒಬ್ಬ ಗ್ರಾಮ ಲೆಕ್ಕಿಗ ಅದಕ್ಕಿಂತ ಮುಂಚೆಯೇ ಬಂಧಿತರಾಗಿದ್ದರು.

ಜಮೀನಿನ ಪಹಣಿ, ಪೋಡಿ, ಜಾತಿ ಪ್ರಮಾಣಪತ್ರ ನೋಡಿಕೊಳ್ಳುವ ಕಂದಾಯ ಅಧಿಕಾರಿಗೂ ಹಣಕಾಸು ಸಂಸ್ಥೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಇಲ್ಲಿಯೇ ವಿಷಯದ ತಿರುಳಿದೆ. ಹಣಕಾಸು ಸಂಸ್ಥೆಗಳಲ್ಲಿ ಠೇವಣಿದಾರರ ಹಿತರಕ್ಷಣೆಗಾಗಿ ಕರ್ನಾಟಕ 2004ರಲ್ಲೇ ಒಂದು ಕಾಯ್ದೆ ಮಾಡಿದೆ. ಸಂಸ್ಥೆಯೊಂದು ಜನರಿಂದ ಹಣ ಪಡೆದು ಮೋಸ ಮಾಡುವ ಲಕ್ಷಣ ಕಂಡರೆ ಅದರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡು, ಮಾರಿ, ಠೇವಣಿದಾರರಿಗೆ ಹಂಚುವ ಅಧಿಕಾರವನ್ನು ಈ ಕಾಯ್ದೆ ಸಕ್ಷಮ ಪ್ರಾಧಿಕಾರಕ್ಕೆ ಕೊಡುತ್ತದೆ. ಆ ಪ್ರಾಧಿಕಾರವಾಗಿ ಕೂರುವವರು ಸಾಮಾನ್ಯವಾಗಿ ಉಪವಿಭಾಗಾಧಿಕಾರಿಯ ದರ್ಜೆಯ ಕಂದಾಯ ಅಧಿಕಾರಿಗಳೇ. ಐಎಂಎ ಕುರಿತು ರಿಸರ್ವ್ ಬ್ಯಾಂಕು ಸಂಶಯ ವ್ಯಕ್ತಪಡಿಸಿ ರಾಜ್ಯಕ್ಕೆ ತಿಳಿಸಿತ್ತು. ವಿಚಾರಣೆಯೂ ನಡೆಯಿತು. ಕಂಪೆನಿ ಇನ್ನೂ ಬಾಗಿಲು ತೆರೆದುಕೊಂಡು, ಹೊಸಬರಿಂದ ಹಣ ಪಡೆಯುತ್ತಿದ್ದ ಕಾಲವದು. ಆ ಹೊತ್ತಿನಲ್ಲಿ ಒಂದು ಪ್ರಾಮಾಣಿಕ ವರದಿ ಹೊರಬಿದ್ದಿದ್ದರೆ ಸಂಸ್ಥೆಯ ಖಾತೆಯಲ್ಲಿದ್ದ ಹಣ, ಅಂಗಡಿಯಲ್ಲಿದ್ದ ಚಿನ್ನ, ಹೆಸರಿನಲ್ಲಿದ್ದ ಕಟ್ಟಡಗಳನ್ನು ಹಿಡಿದಿಡಬಹುದಿತ್ತು. ಬದಲಿಗೆ ಬಂದದ್ದು ಕ್ಲೀನ್ ಚಿಟ್. ಹಣ ಕೊಟ್ಟವರು ‘ಪಾಲುದಾರ’ರು, ಠೇವಣಿದಾರರಲ್ಲ, ಆದ್ದರಿಂದ ಕಾಯ್ದೆ ಅನ್ವಯಿಸದು ಎಂಬ ಜಾಣತನದ ವಾದವೊಂದು ಇಂಥ ಸಂಸ್ಥೆಗಳ ಕೈಯಲ್ಲಿ ಸದಾ ಸಿದ್ಧವಾಗಿರುತ್ತದೆ. ಅದನ್ನು ಭೇದಿಸುವುದೇ ವಿಚಾರಣಾಧಿಕಾರಿಯ ಕೆಲಸ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಯನ್ನು ನಾವು ಎಷ್ಟು ಸಲ ಬಳಸಿ ಸವೆಸಿದ್ದೇವೆಂದರೆ ಅದರ ಮೊನಚೇ ಹೋಗಿದೆ. ಇಲ್ಲಿ ಮೇಯ್ದದ್ದು ಹೊಲವನ್ನಲ್ಲ, ಆ ವರದಿ ಬಂದ ಮೇಲೆ ಹಣ ಕಟ್ಟಿದ ಪ್ರತಿಯೊಬ್ಬ ಬಡವನ ಅನ್ನವನ್ನು.

ಎಲ್ಲ ಅಧಿಕಾರಿಗಳೂ ಹಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಸಂಸ್ಥೆಗೆ ನೂರಾರು ಕೋಟಿಯ ಬ್ಯಾಂಕ್ ಸಾಲ ಸಿಗಲು ಬೇಕಾಗಿದ್ದ ನಿರಾಕ್ಷೇಪಣಾ ಪತ್ರಕ್ಕೆ ಕಂದಾಯ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಒತ್ತಡವಿದ್ದರೂ ಸಹಿ ಹಾಕಲಿಲ್ಲವೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದ್ದವು. ನಮ್ಮ ದುರ್ಗದ ಕೋಟೆಯ ಕಿಂಡಿಯ ಕತೆಯನ್ನು ಇಲ್ಲಿನ ಮಕ್ಕಳೆಲ್ಲ ಕೇಳಿ ಬೆಳೆಯುತ್ತಾರೆ. ಕಾವಲಿನವನು ಊಟಕ್ಕೆ ಕುಳಿತ ಹೊತ್ತಿನಲ್ಲಿ ಕಿಂಡಿ ಬರಿದಾಗದಂತೆ ನಿಂತವಳು ಅವನ ಹೆಂಡತಿ ಓಬವ್ವ. ಎದುರಿಗಿದ್ದ ಸೈನ್ಯ ಯಾರದು ಎಂದು ಇಂದು ಜಗಳ ತೆಗೆಯುವವರು ತೆಗೆಯಲಿ. ಆಕೆಗೆ ಸಂಬಳವಿರಲಿಲ್ಲ, ಹುದ್ದೆಯಿರಲಿಲ್ಲ, ಹಿಡಿದದ್ದು ಒನಕೆ ಎಂಬುದಷ್ಟೇ ಈ ಬರಹಕ್ಕೆ ಸಾಕು.

ವಿಜಯಶಂಕರ್ ಅವರ ಪತನ ಹೇಗೆ ಮುಗಿಯಿತು? ಬಂಧನ, ಅಮಾನತು, ಜಾಮೀನು. 2019ರ ಆಗಸ್ಟ್‌ನಲ್ಲಿ ಪ್ರಕರಣ ಸಿಬಿಐ ಕೈಗೆ ಹೋಯಿತು. ಅವರನ್ನು ವಿಚಾರಣೆಗೆ ಒಳಪಡಿಸಲು ಸಿಬಿಐ ರಾಜ್ಯ ಸರ್ಕಾರದ ಅನುಮತಿ ಕೇಳಿತು. 2020ರ ಜೂನ್ 23ರಂದು ಜಯನಗರದ ತಮ್ಮ ಮನೆಯಲ್ಲಿ ಅವರು ಶವವಾಗಿ ಪತ್ತೆಯಾದರು. ಆತ್ಮಹತ್ಯೆ ಎಂದು ಪೊಲೀಸರು ಹೇಳಿದರು. ಜಿಲ್ಲಾಧಿಕಾರಿಯ ಕುರ್ಚಿಯಿಂದ ಮರಣದವರೆಗೆ ಒಂದು ವರ್ಷವೂ ತುಂಬಿರಲಿಲ್ಲ.

ಅವರ ವಿರುದ್ಧದ ಆರೋಪ ನ್ಯಾಯಾಲಯದಲ್ಲಿ ಸಾಬೀತಾಗಲಿಲ್ಲ. ಕಾನೂನಿನ ಕಣ್ಣಲ್ಲಿ ಅವರು ನಿರಪರಾಧಿಯಾಗಿಯೇ ತೀರಿಹೋದರು. ಸತ್ತವರನ್ನು ಹಳಿಯುವುದು ನಮ್ಮ ಸಂಸ್ಕೃತಿಯಲ್ಲ, ಆ ಉದ್ದೇಶವೂ ಈ ಬರಹಕ್ಕಿಲ್ಲ. ಅವರ ಮನೆಯವರ ದುಃಖ ದೊಡ್ಡದು. ಅವರು ಹಣ ಪಡೆದಿರಲಿಲ್ಲವಾದರೆ ಅದನ್ನು ತೆರೆದ ನ್ಯಾಯಾಲಯದಲ್ಲಿ ಹೇಳುವ ಅವಕಾಶ ಅವರಿಗೆ ಸಿಗಬೇಕಿತ್ತು. ಪಡೆದಿದ್ದರೆ ಯಾರು ಕೊಡಿಸಿದರು, ಯಾರ ಮಾತಿನ ಮೇಲೆ ಕೊಡಿಸಿದರು, ಆ ವರದಿಯನ್ನು ಓದಿ ಸುಮ್ಮನಿದ್ದವರು ಯಾರು ಎಂಬುದು ಹೊರಬರಬೇಕಿತ್ತು. ಎರಡೂ ಆಗಲಿಲ್ಲ.

‘ಅಮಾನತು’ ಎಂಬ ಪದದ ಬಗ್ಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಮದ್ರಸದಲ್ಲಿ ಅರಬಿ ಕಲಿಯುವ ಹುಡುಗನಿಗೆ ‘ಅಮಾನತ್’ ಎಂದರೆ ಇನ್ನೊಬ್ಬರು ನಂಬಿ ನಿಮ್ಮ ಬಳಿ ಇರಿಸಿದ ವಸ್ತು, ಕೇಳಿದಾಗ ಹಾಗೆಯೇ ಮರಳಿಸಬೇಕಾದ ಹೊಣೆ. ಕನ್ನಡದ ಕಚೇರಿ ಭಾಷೆಗೆ ಬರುವಷ್ಟರಲ್ಲಿ ಅದೇ ಪದ ನೌಕರನನ್ನು ಹುದ್ದೆಯಿಂದ ತಾತ್ಕಾಲಿಕವಾಗಿ ದೂರವಿಡುವ ಆದೇಶವಾಗಿದೆ. ಜನ ಇರಿಸಿದ ಅಮಾನತ್ತು ಮುಳುಗಿದರೆ ಸರ್ಕಾರ ಕೊಡುವ ಉತ್ತರ ಅಧಿಕಾರಿಯ ಅಮಾನತು. ಪದ ಒಂದೇ, ಲೆಕ್ಕ ಮಾತ್ರ ಸರಿಹೋಗುವುದಿಲ್ಲ.

ಈಗ ಚೀನಾದ ಮಾದರಿಗೆ ಮರಳೋಣ. ಲಾಯ್ ಶಿಯಾವೊಮಿನ್‌ನನ್ನು ಮೂರು ವರ್ಷ ತುಂಬುವ ಮೊದಲೇ ಮುಗಿಸಲಾಯಿತು. ಆದರೆ ಅವನಿಗೆ ಹತ್ತು ವರ್ಷ ಮೇಲಧಿಕಾರಿಗಳಾಗಿದ್ದವರು ಏನನ್ನು ನೋಡುತ್ತಿದ್ದರು ಎಂಬ ಪ್ರಶ್ನೆಗೆ ಅಲ್ಲಿನ ಪ್ರಜೆ ಉತ್ತರ ಕೇಳುವಂತಿಲ್ಲ. ಆತ ಸತ್ತ ಕೆಲವೇ ತಿಂಗಳಲ್ಲಿ ಹುವಾರಾಂಗ್ ಹಿಂದಿನ ವರ್ಷಕ್ಕೆ ಹತ್ತು ಸಾವಿರ ಕೋಟಿ ಯುವಾನಿಗೂ ಮೀರಿದ ನಷ್ಟ ತೋರಿಸಿತು, ಅದನ್ನು ಉಳಿಸಲು ಸರ್ಕಾರಿ ಸಂಸ್ಥೆಗಳೇ ಹಣ ಸುರಿಯಬೇಕಾಯಿತು. ಅಪರಾಧಿಯ ಪ್ರಾಣ ಹೋಯಿತು, ಹೊಣೆಗಾರಿಕೆಯ ದಾರಿ ಅಲ್ಲಿಗೇ ಮುಚ್ಚಿತು. ನಮ್ಮಲ್ಲಿ ಪ್ರಾಣ ತೆಗೆಯುವ ಆತುರವಿಲ್ಲ, ಸಂತೋಷ. ಆದರೆ ಇಲ್ಲಿ ದಾರಿ ಮುಚ್ಚುವ ರೀತಿ ಬೇರೆ. ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಮಿನ ಪ್ರಕಾರ ಸರ್ಕಾರಿ ನೌಕರನ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಮಂಜೂರಾತಿ ಬೇಕು. 2018ರ ತಿದ್ದುಪಡಿಯಲ್ಲಿ ಸೇರಿಸಿದ 17ಎ ಕಲಮು, ಅಧಿಕಾರಿ ಕೈಗೊಂಡ ತೀರ್ಮಾನಗಳ ಬಗ್ಗೆ ತನಿಖೆ ಆರಂಭಿಸುವುದಕ್ಕೂ ಪೂರ್ವಾನುಮತಿ ಬೇಕೆಂದಿತು. ಪ್ರಾಮಾಣಿಕ ಅಧಿಕಾರಿಗೆ ಸುಳ್ಳು ದೂರುಗಳಿಂದ ರಕ್ಷಣೆ ಬೇಕೆಂಬುದನ್ನು ಒಪ್ಪೋಣ. ಆದರೆ ಅನುಮತಿ ಕೊಡಬೇಕಾದವರ ಆಸುಪಾಸಿನಲ್ಲೇ ಆರೋಪದ ಎಳೆಗಳು ಸುತ್ತಾಡುತ್ತಿದ್ದರೆ? ಐಎಂಎ ಪ್ರಕರಣದಲ್ಲಿ ಮಾಜಿ ಸಚಿವ ಆರ್. ರೋಷನ್ ಬೇಗ್ ಅವರ ಹೆಸರು ಕೇಳಿಬಂತು. 2020ರ ನವೆಂಬರಿನಲ್ಲಿ ಸಿಬಿಐ ಅವರನ್ನು ಬಂಧಿಸಿತು. ಆರೋಪವನ್ನು ಅವರು ನಿರಾಕರಿಸಿದ್ದಾರೆ. ಠೇವಣಿದಾರರಿಗಾದರೋ ಮೊದಲ ಹಂತದಲ್ಲಿ 50 ಸಾವಿರ ರೂಪಾಯಿಯ ಮಿತಿಯೊಳಗೆ ಹಣ ಹಂಚಲಾಯಿತು. ಹತ್ತು ಲಕ್ಷ ಕಟ್ಟಿದವನಿಗೆ ಅದು ಯಾವ ಮೂಲೆಗೆ?

ಸರ್ಕಾರಿ ಕಚೇರಿಯನ್ನು ದೂರಿ ಇಲ್ಲಿಗೇ ಲೇಖನಿ ಕೆಳಗಿಟ್ಟರೆ ಅದು ಅರ್ಧ ಸತ್ಯವಾದೀತು. ಏಕೆಂದರೆ ಐಎಂಎಗೆ ಸಿಕ್ಕಿದ್ದು ಒಂದಲ್ಲ, ಎರಡು ಕ್ಲೀನ್ ಚಿಟ್. ಎರಡನೆಯದು ಕಂದಾಯ ಇಲಾಖೆಯದಲ್ಲ, ಮಿಂಬರಿನದು. ಮಸೀದಿಗಳ ಅಂಗಳದಲ್ಲಿ, ಜಲಸಾಗಳ ವೇದಿಕೆಯಲ್ಲಿ, ಇಫ್ತಾರ್ ಕೂಟಗಳಲ್ಲಿ ಸಂಸ್ಥೆಯ ಗುಣಗಾನ ನಡೆಯಿತು. ಜನ ಹಣ ಕಟ್ಟಿದ್ದು ಮನ್ಸೂರ್ ಖಾನನ ಮುಖ ನೋಡಿಯಲ್ಲ, ಗಡ್ಡ ಮತ್ತು ಪೇಟ ಧರಿಸಿ ಅವನ ಪಕ್ಕದಲ್ಲಿ ಕುಳಿತವರ ಮುಖ ನೋಡಿ. ಶಿವಾಜಿನಗರದ ಮಸೀದಿಯೊಂದರ ಮೌಲವಿಯನ್ನೂ ತನಿಖಾ ತಂಡ ಬಂಧಿಸಿತ್ತು. ಸಂಸ್ಥೆಯಿಂದ ಅವರಿಗೆ ಕೋಟ್ಯಂತರ ಬೆಲೆಯ ಆಸ್ತಿ ಸಂದಿತ್ತೆಂಬುದು ಆರೋಪ.

ಮದ್ರಸದಲ್ಲಿ ಫಿಕ್‌ಹ್ ಓದಿದ ಯಾವ ವಿದ್ಯಾರ್ಥಿಗೂ ಗೊತ್ತಿರುವ ಪಾಠ ಇದು: ಮುಷಾರಕ ಎಂದರೆ ಎಲ್ಲರೂ ಬಂಡವಾಳ ಹೂಡಿ ಲಾಭ ನಷ್ಟ ಎರಡನ್ನೂ ಹಂಚಿಕೊಳ್ಳುವ ಪಾಲುದಾರಿಕೆ. ಮುದಾರಬ ಎಂದರೆ ಒಬ್ಬನ ಹಣ, ಇನ್ನೊಬ್ಬನ ದುಡಿಮೆ. ಎರಡರಲ್ಲೂ ಲಾಭದ ಪ್ರಮಾಣವನ್ನು ನಿಗದಿಪಡಿಸಬಹುದೇ ಹೊರತು ಇಷ್ಟು ರೂಪಾಯಿ ಖಚಿತವಾಗಿ ಬರುತ್ತದೆಂದು ಭರವಸೆ ಕೊಡುವಂತಿಲ್ಲ. ವ್ಯಾಪಾರದಲ್ಲಿ ಮಳೆಗಾಲವಿದೆ, ಬರಗಾಲವಿದೆ. ಹೊಳಲ್ಕೆರೆಯ ಅಡಿಕೆ ತೋಟದವನಿಗೆ, ಹೊಸದುರ್ಗದ ತೆಂಗಿನ ವ್ಯಾಪಾರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹೀಗಿರುವಾಗ ವರ್ಷಗಟ್ಟಲೆ ಒಂದು ತಿಂಗಳೂ ತಪ್ಪದೆ, ನಷ್ಟದ ಸುಳಿವೇ ಇಲ್ಲದೆ ‘ಲಾಭ’ ಬರುತ್ತಿದೆಯೆಂದರೆ ಅದು ಲಾಭವಲ್ಲ, ಹಿಂದೆ ಬಂದವನ ಹಣವನ್ನು ಮುಂದೆ ಬಂದವನಿಗೆ ಕೊಡುವ ಆಟ ಎಂದು ಮೊದಲು ಸಂಶಯಪಡಬೇಕಾಗಿದ್ದವರು ಉಲೆಮಾಗಳು. ಬಡ್ಡಿಯ ಹೆಸರು ತೆಗೆದು ಹಲಾಲ್ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಡಬ್ಬಿಯೊಳಗಿನ ವಸ್ತು ಬದಲಾಗುವುದಿಲ್ಲವೆಂದು ಹೇಳಬೇಕಾಗಿದ್ದವರು ಅವರು. ಕೆಲವರು ಹೇಳಿದರು ಕೂಡಾ. ಅವರನ್ನು ‘ಸಮುದಾಯದ ಏಳಿಗೆ ಸಹಿಸದವರು’ ಎಂದು ಬಾಯಿ ಮುಚ್ಚಿಸಲಾಯಿತು.

ಈ ಮಾತನ್ನು ಇತರರತ್ತ ಬೆರಳು ತೋರಿಸಿ ಬರೆಯುವ ಅರ್ಹತೆ ಈ ಲೇಖಕನಿಗಿಲ್ಲ. ಹಿರಿಯೂರಿನಲ್ಲಿ ನನ್ನ ಖಾಲಾ ಇದ್ದಾರೆ. ಖಾಲೂ ತೀರಿಕೊಂಡ ಮೇಲೆ ಹೊಲಿಗೆಯ ಸಂಪಾದನೆಯಿಂದ ಮಕ್ಕಳನ್ನು ಬೆಳೆಸಿದವರು. ಇಂಥದ್ದೇ ಒಂದು ಸಂಸ್ಥೆಗೆ (ಅದರ ಹೆಸರು ಇಲ್ಲಿ ಬೇಡ) ಹಣ ಹಾಕುವ ಮುನ್ನ ಅವರು ನನ್ನನ್ನು ಕರೆಸಿ, “ನೀನು ಓದಿದವನು, ಇದು ಜಾಯಿಝ್ ಹೌದೋ ಅಲ್ಲವೋ ಹೇಳಪ್ಪ” ಎಂದು ಕೇಳಿದ್ದರು. ನನ್ನೊಳಗೆ ಸಂಶಯವಿತ್ತು. ಆದರೆ ದೊಡ್ಡ ದೊಡ್ಡ ಹಝ್ರತ್‌ಗಳು ಒಪ್ಪಿದ್ದನ್ನು ನಾನು ತಪ್ಪೆನ್ನುವುದು ಹೇಗೆಂದು ಹಿಂಜರಿದು, “ದೊಡ್ಡವರು ಹೇಳಿದ್ದಾರಲ್ಲ ಖಾಲಾ, ನೋಡಿ” ಎಂದು ಜಾರಿಕೊಂಡೆ. ಅವರು ಎರಡು ಬಳೆ ಮಾರಿದರು. ಹಣ ಮರಳಲಿಲ್ಲ. ಖಾಲಾ ಇಂದಿಗೂ ನನ್ನನ್ನು ದೂರಿಲ್ಲ. ಅದೇ ಹೆಚ್ಚು ಚುಚ್ಚುತ್ತದೆ. ನಾನು ಲಂಚ ಪಡೆದಿರಲಿಲ್ಲ, ನಿಜ. ಆದರೆ ಆ ದಿನ ಕಿಂಡಿಯನ್ನು ಬರಿದು ಬಿಟ್ಟವರಲ್ಲಿ ನಾನೂ ಒಬ್ಬ.

ಎಚ್ಚರಿಕೆಯ ಗಂಟೆ ಬಾರಿಸಿರಲಿಲ್ಲವೆಂದು ಹೇಳುವಂತೆಯೂ ಇಲ್ಲ. ಐಎಂಎ ಕುಸಿಯುವ ಹಿಂದಿನ ವರ್ಷವೇ, 2018ರಲ್ಲಿ, ಬೆಂಗಳೂರಿನ ಆಂಬಿಡೆಂಟ್ ಪ್ರಕರಣ ಬಯಲಿಗೆ ಬಂದಿತ್ತು. ಅದೇ ವರ್ಷ ಹೀರಾ ಗೋಲ್ಡ್‌ನ ಒಡತಿಯ ಬಂಧನವಾಗಿತ್ತು. ಮೂರೂ ಕಡೆ ಅದೇ ಭಾಷೆ, ಅದೇ ಧಾರ್ಮಿಕ ಪೋಷಾಕು, ಅದೇ ಬಡವರು. ಎರಡು ಮನೆಗೆ ಬೆಂಕಿ ಬಿದ್ದದ್ದನ್ನು ನೋಡಿದ ಮೇಲೂ ಮೂರನೆಯ ಮನೆಯಲ್ಲಿ ನಾವು ನಿಶ್ಚಿಂತೆಯಿಂದ ಮಲಗಿದೆವು. ಇದಕ್ಕೆ ಸಾಮಾನ್ಯ ಬ್ಯಾಂಕುಗಳು ನಮ್ಮ ಮೊಹಲ್ಲಾಗಳನ್ನು ದೂರವಿಟ್ಟದ್ದೂ ಒಂದು ಕಾರಣ, ಬಡ್ಡಿಯ ಬಗೆಗಿನ ಪ್ರಾಮಾಣಿಕ ಭಯವೂ ಒಂದು ಕಾರಣ. ಆ ಭಯವನ್ನು ಗೌರವಿಸುವ, ಆದರೆ ಲೆಕ್ಕಪತ್ರ ತೆರೆದಿಡುವ ಬಡ್ಡಿರಹಿತ ಸಹಕಾರ ಸಂಘಗಳನ್ನು ಕಟ್ಟುವ ಕೆಲಸ ಅಲ್ಲಲ್ಲಿ ನಡೆದಿದೆಯಾದರೂ ನಮ್ಮ ಜಿಲ್ಲೆಯಲ್ಲಿ ಅದು ಇನ್ನೂ ಸಾಲದು.

ಇಂದು ಕಾನೂನು ಮೊದಲಿಗಿಂತ ಗಟ್ಟಿಯಾಗಿದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆ 2019ರಲ್ಲಿ ಬಂದಿದೆ. ನೋಂದಣಿಯಿಲ್ಲದೆ ಜನರಿಂದ ಠೇವಣಿ ಪಡೆಯುವುದಷ್ಟೇ ಅಲ್ಲ, ಅದಕ್ಕೆ ಪ್ರಚಾರ ಕೊಡುವುದೂ ಈಗ ಅಪರಾಧ. ಅಂಥ ಯೋಜನೆಯ ಭಿತ್ತಿಪತ್ರವನ್ನು ಮಸೀದಿಯ ಫಲಕಕ್ಕೆ ಅಂಟಿಸಲು ಅನುಮತಿಸುವ ಕಮಿಟಿಯವರು ಇದನ್ನು ತಿಳಿದಿರಲಿ. ಸಂಸ್ಥೆಯೊಂದಕ್ಕೆ ಠೇವಣಿ ಪಡೆಯುವ ಪರವಾನಗಿ ಇದೆಯೇ ಎಂದು ನೋಡಲು, ದೂರು ಸಲ್ಲಿಸಲು ರಿಸರ್ವ್ ಬ್ಯಾಂಕಿನ ‘ಸಚೇತ್’ ವ್ಯವಸ್ಥೆ ಇದೆ. ಮೊಬೈಲಿನಲ್ಲೇ ಆಗುವ ಕೆಲಸ. ನಮ್ಮ ಪದವೀಧರ ಯುವಕರು ಜುಮಾದ ನಂತರ ಅರ್ಧ ಗಂಟೆ ಕುಳಿತು ಹಿರಿಯರಿಗೆ ಇದನ್ನು ಮಾಡಿಕೊಡಬಾರದೇ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಜಮಾಅತ್ ಕಮಿಟಿಗಳ ಮುಂದೆ ಎರಡು ಬೇಡಿಕೆಗಳಿವೆ. ಯಾವುದೇ ಹೂಡಿಕೆ ಸಂಸ್ಥೆಯಿಂದ ಮಸೀದಿಗಾಗಲಿ, ಮದ್ರಸಕ್ಕಾಗಲಿ, ಇಮಾಮರಿಗಾಗಲಿ ದೇಣಿಗೆ ಬಂದಿದ್ದರೆ ಅದನ್ನು ಜುಮಾದ ದಿನ ಎಲ್ಲರೆದುರು ಘೋಷಿಸಬೇಕು. ಇನ್ನೊಂದು, ಠೇವಣಿದಾರರ ಹಿತರಕ್ಷಣಾ ಕಾಯ್ದೆಯಡಿ ನಮ್ಮ ಜಿಲ್ಲೆಯಲ್ಲಿ ಬಂದಿರುವ ದೂರುಗಳೆಷ್ಟು, ವಿಚಾರಣೆಯಾದವೆಷ್ಟು, ಯಾವ ಸಂಸ್ಥೆಗಳ ಪರವಾಗಿ ವರದಿ ಹೋಗಿದೆ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬೇಕು. ಅರ್ಜಿಯ ಶುಲ್ಕ ಹತ್ತು ರೂಪಾಯಿ. ಉತ್ತರ ಬರಲು ಕಾನೂನು ಕೊಟ್ಟಿರುವ ಅವಧಿ ಮೂವತ್ತು ದಿನ. ಬಂದ ಉತ್ತರವನ್ನು, ಬಾರದಿದ್ದರೆ ಬಾರದ ಸಂಗತಿಯನ್ನೂ, ಈ ಪುಟದಲ್ಲಿ ಪ್ರಕಟಿಸಲು ನಾವು ಸಿದ್ಧ.